78 ಸಾವಿರದ ಚೀಟಿ 2 ಲಕ್ಷ 27 ಸಾವಿರ ಆದ ಲೆಕ್ಕ: ನನ್ನ ಅನುಭವ

ಕುಂಬಳೆ ಕಡೆಯ ಒಂದು ಪ್ಲೈವುಡ್ ಫ್ಯಾಕ್ಟರಿಯಲ್ಲಿ ಹಾಟ್ ಪ್ರೆಸ್ ಓಡಿಸುತ್ತಿದ್ದೆ. 11 ವರ್ಷ 7 ತಿಂಗಳು. 2023ರ ಜೂನ್‌ನಲ್ಲಿ ಆರ್ಡರ್ ಇಲ್ಲ ಅಂತ ಆರು ಜನರನ್ನು ತೆಗೆದರು, ಅದರಲ್ಲಿ ನಾನೂ ಒಬ್ಬ. ಕೈಗೆ ಒಂದು ಚೀಟಿ ಕೊಟ್ಟರು, ಫೈನಲ್ ಸೆಟಲ್‌ಮೆಂಟ್ 78 ಸಾವಿರ ಚಿಲ್ಲರೆ. ಜೊತೆಗೆ ಟೈಪ್ ಮಾಡಿಟ್ಟ ರಾಜೀನಾಮೆ. "ಇಲ್ಲೊಂದು ಸೈನ್ ಹಾಕಿ, ಚೆಕ್ ಈಗಲೇ ಕೊಡ್ತೇವೆ" ಅಂದರು. ಹಾಕಲಿಲ್ಲ. ಆ ದಿನ ನಾನು ಮಾಡಿದ ಬುದ್ಧಿವಂತಿಕೆ ಅದೊಂದೇ. ನಾವಾಗಿ ಬಿಟ್ಟೆವು ಅಂತ ಬರೆದುಕೊಟ್ಟರೆ ರಿಟ್ರೆಂಚ್‌ಮೆಂಟ್ ಪರಿಹಾರ, ಅಂದರೆ ಕೆಲಸದಿಂದ ತೆಗೆದದ್ದಕ್ಕೆ ಕೊಡಬೇಕಾದ ಹಣ, ಕೈಬಿಟ್ಟಂತೆ.

"ಸಿಕ್ಕಿದ್ದು ತಗೊಂಡು ಬಾ ಮಾರಾಯ, ಲೇಬರ್ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದವರೇ ಎಲ್ಲ" ಅಂದರು ಭಾವ. ಜೊತೆಗೆ ಹೊರಬಿದ್ದವರಲ್ಲಿ ನಾಲ್ವರು ಸೈನ್ ಹಾಕಿಯೂ ಆಗಿತ್ತು.

ಮೊದಲ ಸಲ ನಾನೇ ಮುಗ್ಗರಿಸಿದೆ. ಮೊಬೈಲ್‌ನಲ್ಲಿ ಸಿಕ್ಕಿದ ಒಂದು ಕ್ಯಾಲ್ಕುಲೇಟರ್‌ಗೆ ಪೂರ್ತಿ ಸಂಬಳ 18,400 ಹಾಕಿ, ಎಲ್ಲವನ್ನೂ 26ರಿಂದ (ತಿಂಗಳ ಕೆಲಸದ ದಿನಗಳು) ಭಾಗಿಸಿ, 2 ಲಕ್ಷ 73 ಸಾವಿರ ಅಂತ ಬರೆದುಕೊಂಡು ಲೇಬರ್ ಆಫೀಸಿಗೆ ಹೋದೆ. ಅಲ್ಲಿನ ಮಾತುಕತೆಯಲ್ಲಿ ಫ್ಯಾಕ್ಟರಿಯವರ ವಕೀಲರು ನಕ್ಕೇಬಿಟ್ಟರು. ಒಂದು ಅಂಕಿ ತಪ್ಪಿದರೆ ಸರಿ ಇದ್ದದ್ದನ್ನೂ ಯಾರೂ ನಂಬುವುದಿಲ್ಲ ನೋಡಿ.

ಮನೆಗೆ ಬಂದು ಹಣವನ್ನು ಬೇರೆ ಬೇರೆ ಮಾಡಿದೆ. ಗ್ರಾಚ್ಯುಟಿಗೆ (ಇಷ್ಟು ವರ್ಷ ದುಡಿದದ್ದಕ್ಕೆ ಬಿಡುವಾಗ ಸಿಗುವ ಹಣ) ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮಾತ್ರ, ನನ್ನದು 14,300. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 8,250. ಆರು ತಿಂಗಳ ಮೇಲಿನ ತುಂಡು ಇಡೀ ವರ್ಷ ಆಗುತ್ತದೆ, ಹಾಗಾಗಿ 12 ವರ್ಷ: 99,000. ಅವರು 30ರಿಂದ ಭಾಗಿಸಿ 11 ವರ್ಷಕ್ಕೆ ಕೊಟ್ಟಿದ್ದರು, 78 ಸಾವಿರ ಬಂದದ್ದು ಹಾಗೆ. ರಿಟ್ರೆಂಚ್‌ಮೆಂಟ್‌ಗೆ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಸೆಕ್ಷನ್. ಇಲ್ಲಿ ಪೂರ್ತಿ ಸಂಬಳ, ಕೊನೆಯ ಮೂರು ತಿಂಗಳ ಸರಾಸರಿ, ಆದರೆ 26 ಇಲ್ಲ, 15 ದಿನ ಅಂದರೆ ಅರ್ಧ ತಿಂಗಳು. 9,200ನ್ನು 12ರಿಂದ ಗುಣಿಸಿದರೆ 1,10,400. ಇದರಲ್ಲಿ ಒಂದು ಪೈಸೆಯನ್ನೂ ಅವರು ಚೀಟಿಯಲ್ಲಿ ತೋರಿಸಿರಲಿಲ್ಲ! ನೋಟಿಸ್ ಕೊಡದೆ ತೆಗೆದದ್ದಕ್ಕೆ ಒಂದು ತಿಂಗಳ ಸಂಬಳ ಬೇರೆ.

ನಮ್ಮಲ್ಲಿ ಇದ್ದದ್ದು ಸುಮಾರು 40 ಜನ. ಆಗ 100 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದ ಫ್ಯಾಕ್ಟರಿಗೆ ಸರಕಾರದ ಅನುಮತಿ, ಮೂರು ತಿಂಗಳ ನೋಟಿಸ್ ಅಂತ ಬೇರೆಯೇ ದಾರಿ.

ಆಮೇಲೆ ಎರಡು ಅಡ್ಡಿ. ಮೊದಲ ಎರಡು ವರ್ಷ ನೀನು ಕಾಂಟ್ರಾಕ್ಟರ್ ಆಳು ಅಂದರು. ಪಿಎಫ್ ಪಾಸ್‌ಬುಕ್‌ನಲ್ಲಿ 2011ರ ನವೆಂಬರ್‌ನಿಂದಲೇ ಫ್ಯಾಕ್ಟರಿ ಹೆಸರಲ್ಲಿ ಹಣ ಬಿದ್ದಿತ್ತು, ಅಲ್ಲಿಗೆ ಮುಗಿಯಿತು. ಎರಡನೆಯದು, ನನ್ನ ಕಾರ್ಡ್‌ನಲ್ಲಿ ಸೂಪರ್‌ವೈಸರ್ ಅಂತ ಇತ್ತು. ಸೂಪರ್‌ವೈಸರ್ ಆಗಿದ್ದು ಸಂಬಳ 10,000 ದಾಟಿದರೆ ಆಗ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕಾರ್ಮಿಕ ಆಗುತ್ತಿರಲಿಲ್ಲ. ಆದರೆ ನೋಡುವುದು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು. ನಾನು ಅಂಗಿ ತೋಳು ಮಡಚಿ ಮುಂಗೈ ಮೇಲಿನ ಪ್ರೆಸ್‌ನ ಸುಟ್ಟ ಗೆರೆಗಳನ್ನು ತೋರಿಸಿದೆ. ಶಿಫ್ಟ್ ಪುಸ್ತಕದ ಪ್ರತಿಯನ್ನೂ ಇಟ್ಟೆ. ಆ ಪ್ರತಿ ಹೇಗೆ ಸಿಕ್ಕಿತು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಕೊಟ್ಟವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ.

ಸಂಬಳ ಚೀಟಿಗಳು ಮಳೆಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿದ್ದವು. ಹೆಂಡತಿ ಒಲೆ ಮೇಲಿನ ಅಟ್ಟದಲ್ಲಿ ಹರಡಿ ಒಣಗಿಸಿದಳು. ಸೀಲಿನ ನೀಲಿ ಶಾಯಿ ಹರಡಿ ಹೋಗಿತ್ತು, ಡಿಎ ಅಂಕಿ ಉಳಿದಿತ್ತು. ಹೊಗೆ ವಾಸನೆಯ ಆ ಕಾಗದಗಳೇ ಕೇಸ್ ಗೆದ್ದದ್ದು ಅಂತ ಅವಳು ಈಗಲೂ ಹೇಳುತ್ತಾಳೆ.

ಸುಮ್ನೆ ಕೂತಿದ್ದಾಗ ಸೈನ್ ಹಾಕದ ಇನ್ನೊಬ್ಬ ಹುಡುಗನ ಲೆಕ್ಕವನ್ನೂ ಮಾಡಿದೆ. ಅವನ ಸರ್ವಿಸ್ 4 ವರ್ಷ 3 ತಿಂಗಳು. ಐದು ವರ್ಷ ಆಗದ್ದರಿಂದ ಗ್ರಾಚ್ಯುಟಿ ಇಲ್ಲ, ಆದರೆ ರಿಟ್ರೆಂಚ್‌ಮೆಂಟ್‌ಗೆ ಒಂದು ವರ್ಷ ಸಾಕು. ಅವನಿಗೂ ನಾಲ್ಕು ಅರ್ಧ ಸಂಬಳ ಬಂತು. ಅವನು ಅದರಲ್ಲಿ ಒಂದು ಹಳೆ ಸ್ಕೂಟರ್ ತಗೊಂಡ.

ಡಿಸೆಂಬರ್‌ನಲ್ಲಿ ಎರಡು ಚೆಕ್‌ನಲ್ಲಿ 2,27,800 ಬಂತು, ರಜೆ ಹಣ ಎಂಟೂವರೆ ಸಾವಿರದ ಹತ್ತಿರ ಬೇರೆ. ನನ್ನ ಖರ್ಚು ಬಸ್ಸು, ಜೆರಾಕ್ಸ್ ಸೇರಿ ಸಾವಿರದ ನಾನೂರು ಇರಬಹುದು. ಗ್ರಾಚ್ಯುಟಿ 30 ದಿನ ದಾಟಿದರೆ ಆಗ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಇತ್ತು, ನಾಲ್ಕು ಸಾವಿರ ಬರುತ್ತಿತ್ತು. ಚೆಕ್ ನೋಡಿದ ಖುಷಿಯಲ್ಲಿ ಕೇಳಲು ಮರೆತೆ.

ಇದು 2023ರ ಲೆಕ್ಕ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 15 ದಿನದ ಲೆಕ್ಕ ಉಳಿದಿದೆ, ಆದರೆ ಸಂಬಳ ಅಂದರೆ ಯಾವುದು ಅನ್ನುವುದು ಬದಲಾಗಿದೆ. ಮೊನ್ನೆ ಭಾವ ತಮ್ಮ ಪರಿಚಯದ ಒಬ್ಬರನ್ನು ಚೀಟಿಗಳ ಕಟ್ಟಿನ ಸಮೇತ ನನ್ನ ಹತ್ತಿರ ಕಳಿಸಿದ್ದರು.