ಹಾಲ್‌ನ್ಯಾಗ ಸಂಗೀತದ ಪೇಂಟಿಂಗ್ ಹಾಕೂದು ಹೆಂಗ

ರಷ್ಯಾದ ಚಿತ್ರಕಾರ ಕಾಂಡಿನ್ಸ್ಕಿ 1911ರಾಗ ಮ್ಯೂನಿಕ್‌ನ್ಯಾಗ ಶೋನ್‌ಬರ್ಗ್ ಅನ್ನೋ ಸಂಗೀತಗಾರನ ಕಚೇರಿ ಕೇಳಿ ಬಂದು ಬಿಡಿಸಿದ ಚಿತ್ರ ಐತಲ್ರಿ, ಕರೀ ಪಿಯಾನೋ ಸುತ್ತ ಹಳದಿ ಉಕ್ಕಿ ಹರದಂಗ, ಅದರ ಪ್ರಿಂಟ್ ಮನ್ಯಾಗ ಹಾಕೋರು ಮೊದಲ ಗ್ವಾಡಿ ನೋಡ್ರಿ. ಬೆಳಗಾವಿ ಮಳಿ ನಿಮಗ ಗೊತ್ತೈತಿ, ಹೊರಗಿನ ಗ್ವಾಡಿ ಹಸಿ ಹಿಡೀತಾವ, ಅಲ್ಲಿ ಬ್ಯಾಡ, ಒಳಗಿನ ಗ್ವಾಡಿಗೇ ಹಾಕ್ರಿ, ಫ್ರೇಮ್ ಹಿಂದ ಕೆಳಗಿನ ಎರಡೂ ಮೂಲಿಗೆ ಬಾಟಲಿ ಬೂಚಿನ ತುಂಡು ಅಂಟಿಸಿದ್ರ ಗಾಳಿ ಆಡ್ತೈತಿ, ಬೂಷ್ಟು ಬರೂದು ಕಡಿಮಿ. ಚಿತ್ರದ ಅಗಲ ಸೋಫಾದ ಅಗಲದ ಮೂರರಾಗ ಎರಡು ಪಾಲು ಇದ್ರ ಸಾಕು. ಚಿತ್ರದ ನಡು ನೆಲದಿಂದ 145 ಸೆಂ.ಮೀ. ಹತ್ರ ಬರಲಿ, ನಮ್ಮ ಕಡೆ ದೇವರ ಫೋಟೋದಂಗ ಭಾಳ ಮ್ಯಾಲ ಏರಸ್ತಾರ, ನೋಡಾಕ ಕುತ್ತಿಗಿ ನೋಯ್ತೈತಿ. ನೇರ ಬಿಸಲು ಬಿದ್ರ ಬಣ್ಣ ಮಾಸ್ತೈತಿ. ನಾ ಅಂತೂ ಸಂಜಿಮುಂದ ಅದರ ಎದುರಿಗೆ ಕುಂತು ನಮ್ಮ ಸುಳೇಭಾವಿಯ ಗಾಯಕ ಕುಮಾರ ಗಂಧರ್ವರ ಹಾಡು ಹಚ್ಚತೇನ್ರಿ, ಆ ಹಳದಿ ಬ್ಯಾರೇನ ಕಾಣ್ತೈತಿ.