ಇಂಗ್ಲಿಷ್‌ನ ಪ್ರಾಣಿ ನುಡಿಗಟ್ಟು: ಬಾಯಿಪಾಠ ಬೇಡ, ಹೀಗೆ ಕಲಿಯಿರಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಹತ್ತಿರ ಇಂಗ್ಲಿಷ್ ನುಡಿಗಟ್ಟುಗಳ ಉದ್ದ ಪಟ್ಟಿಯೊಂದು ಇದ್ದೇ ಇರುತ್ತದೆ. ಬೆಳಿಗ್ಗೆ ಓದಿದ್ದು ಸಂಜೆಗೆ ಮರೆತಿರುತ್ತದೆ. ಅದು ಓದುವವರ ತಪ್ಪಲ್ಲ, ಪಟ್ಟಿಯದು. ಕುದುರೆ, ನಾಯಿ, ಗೂಬೆಗಳು ಆ ಭಾಷೆಯೊಳಗೆ ಸುಮ್ನೆ ಬಂದು ಕೂತಿಲ್ಲ. ಸಂತೆ, ರೇಸು, ಬೇಟೆ, ಬೈಬಲ್, ಈಸೋಪನ ಕಥೆ ಹೀಗೆ ಎಲ್ಲೆಲ್ಲಿಂದಲೋ ಬಂದಿವೆ. ಬಂದ ಜಾಗ ಗೊತ್ತಾದರೆ ಅರ್ಥ ಮನಸ್ಸಿನಲ್ಲಿ ಉಳಿಯುತ್ತದೆ.

1. ಗೊತ್ತಿರುವುದನ್ನು ಮೊದಲು ಬೇರೆ ಮಾಡಿ

ಪಟ್ಟಿಯಲ್ಲಿ ಕನ್ನಡಕ್ಕೆ ಆಗಲೇ ಬಂದಿರುವ ಮಾತುಗಳಿಗೆ ಗುರುತು ಹಾಕಿ. 'ಕ್ರೊಕೊಡೈಲ್ ಟಿಯರ್ಸ್' ನಮ್ಮ ಮೊಸಳೆ ಕಣ್ಣೀರೇ. 'ವೈಟ್ ಎಲಿಫೆಂಟ್' ಅಂದರೆ ಬಿಳಿಯಾನೆ, 'ಬೆಲ್ ದ ಕ್ಯಾಟ್' ಅಂದರೆ ಬೆಕ್ಕಿಗೆ ಗಂಟೆ ಕಟ್ಟುವುದು. ಇವುಗಳ ಮೇಲೆ ಸಮಯ ಕಳೆಯಬೇಡಿ. 'ಲಯನ್ಸ್ ಶೇರ್' ಬಗ್ಗೆ ಮಾತ್ರ ಒಂದು ಮಾತು. ಈಸೋಪನ ಕಥೆಯಲ್ಲಿ ಸಿಂಹ ಬೇಟೆಯನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ. ಈಗಿನ ಬಳಕೆಯಲ್ಲಿ ಅದು ಪೂರ್ತಿಯಲ್ಲ, ಎಲ್ಲರಿಗಿಂತ ಜಾಸ್ತಿ ಪಾಲು.

2. ಪ್ರಾಣಿ ಬೇರೆಯಾದರೂ ಜೋಡಿ ಹುಡುಕಿ

'ಕಾಸ್ಟ್ ಪರ್ಲ್ಸ್ ಬಿಫೋರ್ ಸ್ವೈನ್' ಬೈಬಲಿನ ಮತ್ತಾಯನ ಸುವಾರ್ತೆಯಿಂದ ಬಂದ ಮಾತು. ಹಂದಿಯ ಮುಂದೆ ಮುತ್ತು ಚೆಲ್ಲಬೇಡಿ ಎನ್ನುತ್ತದೆ. ನಾವು ಕೋಣನ ಮುಂದೆ ಕಿನ್ನರಿ ಬಾರಿಸುತ್ತೇವೆ. ಮೊಟ್ಟೆ ಒಡೆಯುವ ಮೊದಲೇ ಮರಿ ಎಣಿಸಬೇಡ ಎಂದು ಅವರು ಹೇಳುವುದನ್ನೇ ನಾವು ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತೇವೆ. ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಮಾತಿನ ಎದುರು ಅರ್ಥ ಬರೆಯುವ ಬದಲು ಇಂಥ ಗಾದೆಯನ್ನೇ ಬರೆಯಿರಿ.

3. ಉಳಿದವನ್ನು ಹುಟ್ಟಿದ ಜಾಗದ ಪ್ರಕಾರ ಗುಂಪು ಮಾಡಿ

ನನ್ನ ಸಲಹೆ, ಕುದುರೆಯಿಂದ ಶುರು ಮಾಡಿ. ಮೋಟಾರು ಬರುವ ತನಕ ಇಂಗ್ಲಿಷರ ಓಡಾಟ, ಯುದ್ಧ, ಜೂಜು ಎಲ್ಲದರಲ್ಲೂ ಕುದುರೆ ಇತ್ತು.

ವಯಸ್ಸಾದಂತೆ ಕುದುರೆಯ ಹಲ್ಲು ಸವೆಯುತ್ತದೆ, ಆಕಾರ ಬದಲಾಗುತ್ತದೆ. ಕೊಳ್ಳುವವರು ಅದರ ಬಾಯಿ ತೆರೆದು ನೋಡುತ್ತಿದ್ದರು. ನಮ್ಮ ದನದ ಜಾತ್ರೆಗಳಲ್ಲೂ ಎತ್ತಿಗೆ ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ನೋಡಿಯೇ ವ್ಯಾಪಾರ, ಅಲ್ವಾ? ಆದರೆ ಯಾರೋ ಪುಕ್ಕಟೆ ಕೊಟ್ಟ ಕುದುರೆಯ ಬಾಯಿ ತೆರೆದು ನೋಡುವುದು ಮರ್ಯಾದೆಯಲ್ಲ. 'ಡೋಂಟ್ ಲುಕ್ ಎ ಗಿಫ್ಟ್ ಹಾರ್ಸ್ ಇನ್ ದ ಮೌತ್' ಹೇಳುವುದು ಇದನ್ನೇ. ಜಾನ್ ಹೇವುಡ್ 1546ರಲ್ಲಿ ತಂದ ಗಾದೆಗಳ ಸಂಗ್ರಹದಲ್ಲೂ ಇದು ಇದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ನಮ್ಮ ಗಾದೆ ಇದಕ್ಕೆ ಸರಿಯಾದ ಜೋಡಿ.

'ಡಾರ್ಕ್ ಹಾರ್ಸ್' ರೇಸಿನಿಂದ ಬಂದದ್ದು. ಯಾರ ಲೆಕ್ಕದಲ್ಲೂ ಇರದ ಕುದುರೆಯೊಂದು ಗೆದ್ದುಬಿಡುತ್ತದೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಡಿಸ್ರೇಲಿ 1831ರ ತನ್ನ ಕಾದಂಬರಿಯಲ್ಲಿ ಇದನ್ನು ಬಳಸಿದ್ದಾರೆ. ಬಳಿಕ ಅದು ರಾಜಕೀಯಕ್ಕೂ ಬಂತು. 1844ರಲ್ಲಿ ಯಾರೂ ನಿರೀಕ್ಷಿಸದೆ ಅಭ್ಯರ್ಥಿಯಾಗಿ ಅಮೆರಿಕದ ಅಧ್ಯಕ್ಷರೇ ಆದ ಜೇಮ್ಸ್ ಪೋಕ್ ಅವರನ್ನು ಡಾರ್ಕ್ ಹಾರ್ಸ್ ಎಂದೇ ಕರೆಯುತ್ತಾರೆ. ಚುನಾವಣೆ ಸುದ್ದಿಯಲ್ಲಿ ಈ ಮಾತು ಈಗಲೂ ಸಿಗುತ್ತದೆ. 'ವೈಲ್ಡ್ ಗೂಸ್ ಚೇಸ್' ನೋಡಿದರೆ ಹಕ್ಕಿಯ ಮಾತು ಅನ್ನಿಸುತ್ತದೆ. ಆದರೆ ಶೇಕ್ಸ್‌ಪಿಯರನ ಕಾಲದಲ್ಲಿ ಅದೊಂದು ಕುದುರೆ ಓಟ. ಮುಂದಿನ ಸವಾರ ಹೋದ ಕಡೆಗೆಲ್ಲ ಉಳಿದವರು ಹಾರುವ ಹೆಬ್ಬಾತುಗಳಂತೆ ಸಾಲಾಗಿ ಹಿಂಬಾಲಿಸಬೇಕಿತ್ತು. ಈಗ ಅದರ ಅರ್ಥ, ಫಲವಿಲ್ಲದ ಅಲೆದಾಟ.

ಬೇಟೆಯ ಗುಂಪಿಗೆ 'ರೆಡ್ ಹೆರಿಂಗ್' ಸೇರಿಸಿ. ಹೊಗೆ ಹಾಕಿ ಕೆಂಪಾದ, ಜೋರು ವಾಸನೆಯ ಮೀನು ಅದು. ಇಂಥ ಮೀನೆಳೆದು ಬೇಟೆನಾಯಿಗಳ ದಾರಿ ತಪ್ಪಿಸಿದ ಕಥೆಯನ್ನು ಪತ್ರಕರ್ತ ವಿಲಿಯಂ ಕಾಬೆಟ್ 1807ರಲ್ಲಿ ಬರೆದರು. ಗಮನ ಬೇರೆಡೆಗೆ ಎಳೆಯುವ ಯಾವುದೇ ವಿಷಯಕ್ಕೆ ಈ ಹೆಸರು. ಐಪಿಒ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವ ಸುದ್ದಿಯಲ್ಲಿ ಬರುವ 'ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್' ಎಂಬ ಮಾಹಿತಿ ಪತ್ರ ನೋಡಿ ಗೊಂದಲಪಡಬೇಡಿ. ಮುಖಪುಟದಲ್ಲಿ ಕೆಂಪು ಅಕ್ಷರದ ಎಚ್ಚರಿಕೆ ಇರುತ್ತಿದ್ದುದರಿಂದ ಅದಕ್ಕೆ ಆ ಹೆಸರು.

4. ಗುಣ ಬದಲಾದ ಪ್ರಾಣಿಗಳ ಬಗ್ಗೆ ಎಚ್ಚರ

ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಇಲ್ಲೇ. ನಮ್ಮಲ್ಲಿ ಗೂಬೆ ಅಂದರೆ ಬೈಗುಳ, ಗೂಬೆ ಕೂರಿಸಿದರು ಅಂದರೆ ತಪ್ಪು ಹೊರಿಸಿದರು. ಇಂಗ್ಲಿಷಿನಲ್ಲಿ ಗೂಬೆ ಬುದ್ಧಿವಂತ ಹಕ್ಕಿ. ಗ್ರೀಕರ ಜ್ಞಾನದೇವತೆ ಅಥೆನಾಳ ಜೊತೆಗಿರುವ ಹಕ್ಕಿ ಅದು. ನಿಮ್ಮನ್ನು ಯಾರಾದರೂ 'ನೈಟ್ ಔಲ್' ಅಂದರೆ ಬೇಜಾರಾಗಬೇಡಿ, ರಾತ್ರಿ ತಡವಾಗಿ ಎದ್ದಿರುವವರು ಎಂದಷ್ಟೇ. ಕುರಿ ನಮಗೆ ಪೆದ್ದು. ಅವರ 'ಶೀಪಿಶ್' ಅಂದರೆ ನಾಚಿ ಪೆಚ್ಚಾದ ಮುಖ. ಅವರಲ್ಲಿ ಕೋಳಿ ಪುಕ್ಕಲು, 'ಚಿಕನ್ ಔಟ್' ಅಂದರೆ ಹೆದರಿ ಹಿಂದೆ ಸರಿಯುವುದು.

5. ಮಾತನ್ನು ಮುರಿಯದೆ ಬಳಸಿ

ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗಬಹುದು, ಉಳಿದದ್ದು ಬದಲಾಗುವುದಿಲ್ಲ. ಅನುಮಾನ ಬಂತು ಎನ್ನಲು 'ಸ್ಮೆಲ್ಟ್ ಎ ರ್‍ಯಾಟ್' ಸರಿ. ಇಲಿ ಒಂದೇ ಇರಬೇಕು, ಎರಡಾದರೆ ಅರ್ಥ ಕೆಡುತ್ತದೆ. ಹಾಗೆಯೇ ಜೋರು ಮಳೆಗೆ ಹೇಳುವ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್'ನಲ್ಲಿ ನಾಯಿಯನ್ನು ಮುಂದೆ ತರಬೇಡಿ. ಅದು ಈಗ ಸ್ವಲ್ಪ ಹಳೆಯದಾಯಿತು. ಮಾತಾಡುವಾಗ 'ಇಟ್ಸ್ ಪೋರಿಂಗ್' ಸಾಕು. ಆಫೀಸಿನ ಮೀಟಿಂಗಿಗೆ 'ಎಲಿಫೆಂಟ್ ಇನ್ ದ ರೂಮ್' ಚೆನ್ನಾಗಿ ಹೊಂದುತ್ತದೆ. ಎಲ್ಲರ ಕಣ್ಣಿಗೂ ಬಿದ್ದ, ಯಾರೂ ಎತ್ತದ ಸಮಸ್ಯೆ ಅದು.

ಕಲಿತ ಪ್ರತಿ ಮಾತಿಗೂ ನಿಮ್ಮ ಊರಿನ ನಿಜ ಸಂಗತಿ ಇಟ್ಟು ಒಂದು ಇಂಗ್ಲಿಷ್ ವಾಕ್ಯ ಬರೆಯಿರಿ. ಯಾರೂ ಬಳಸದ ಬಸ್ ನಿಲ್ದಾಣವಿದ್ದರೆ ಬಿಳಿಯಾನೆಗೆ ಅದೇ ಸಾಕು. ಪುಸ್ತಕದ ಉದಾಹರಣೆ ನಕಲು ಮಾಡಬೇಡಿ.