ಗೊಬ್ಬರ ಹಾಕಿದಷ್ಟೂ ಹಳದಿಯಾದ ಮೆಣಸಿನ ಸಸಿ

ಮೆಣಸಿನ ಸಸಿ ಹಳದಿ ತಿರುಗಿತು ಅಂತ ನಾನು ಮೊದಲು ಮಾಡಿದ್ದು ಗೊಬ್ಬರ ಜಾಸ್ತಿ ಹಾಕಿದ್ದು. ಎರಡು ದಿನದಲ್ಲಿ ಎಲೆಯ ತುದಿ ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿತು. ಹಳದಿ ಮಾತ್ರ ಇದ್ದ ಹಾಗೇ ಇತ್ತು.

ಆಮೇಲೆ ಒಂದು ಸಸಿಯನ್ನು ಟ್ರೇಯಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು. ಕೆಳಗಿನ ಎಲೆಗಳು ಚೆನ್ನಾಗಿಯೇ ಇದ್ದವು. ಹಳದಿಯಾಗಿದ್ದದ್ದು ತುದಿಯ ಎಳೆ ಎಲೆ. ಅದರಲ್ಲೂ ನರಗಳು ಹಸಿರು, ನರಗಳ ನಡುವಿನ ಜಾಗ ಮಾತ್ರ ನಿಂಬೆ ಬಣ್ಣ. ಸಾರಜನಕ ಕಡಿಮೆಯಾಗಿದ್ದರೆ ಗಿಡ ಹಳೆ ಎಲೆಯಿಂದ ಅದನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ, ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಅದರ ಕೊರತೆ ಕಾಣುವುದು ತುದಿಯಲ್ಲೇ. ಆದರೆ ನಾನು ಹಾಕುತ್ತಿದ್ದ ಗೊಬ್ಬರದಲ್ಲಿ ಕಬ್ಬಿಣ ಇತ್ತಲ್ಲ!

ಅನುಮಾನ ನೀರಿನ ಮೇಲೆ ಹೋಯಿತು. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಅಳೆಯುವ ಪಿಎಚ್ ಪೆನ್ ಮೂಲೆಯಲ್ಲಿ ಒಣಗಿ ಬಿದ್ದಿತ್ತು (7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ). ಅದ್ದಿದರೆ 7.2 ತೋರಿಸಿತು. ಪಿಎಚ್ ಮೊದಲೇ ಗೊತ್ತಿರುವ 7ರ ಮತ್ತು 4ರ ಬಫರ್ ದ್ರಾವಣಗಳಲ್ಲಿ ಪೆನ್ ಸರಿಹೊಂದಿಸಿ ಮತ್ತೆ ಅದ್ದಿದೆ: 8.1. ಸರಿಹೊಂದಿಸದ ಪೆನ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ನೀರು ಅಷ್ಟು ಕ್ಷಾರವಾದರೆ ಕಬ್ಬಿಣ ಕರಗಿದ ರೂಪದಲ್ಲಿ ಉಳಿಯುವುದಿಲ್ಲ, ಬೇರಿನ ಪಕ್ಕದಲ್ಲೇ ಇದ್ದರೂ ಬೇರಿಗೆ ಸಿಗುವುದಿಲ್ಲ. ನಾನು ಸುರಿದ ಹೆಚ್ಚುವರಿ ಗೊಬ್ಬರ ಬರೀ ಉಪ್ಪಾಗಿ ಕೂತು ಎಲೆ ಸುಟ್ಟಿತ್ತು.

ನನ್ನ ಸಸಿಗಳು ಕೋಕೋಪೀಟ್‌ನಲ್ಲಿವೆ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ; ಅದಕ್ಕೆ ಪಿಎಚ್ 5.8ರಿಂದ 6.2 ಗುರಿ ಇಟ್ಟುಕೊಂಡೆ. ಮಣ್ಣಾದರೆ 6ರಿಂದ 6.8ರವರೆಗೂ ನಡೆಯುತ್ತದೆ, ಮಣ್ಣು ತಾನೇ ಒಂದಿಷ್ಟು ಸಂಭಾಳಿಸುತ್ತದೆ.

ಪಿಎಚ್ ಇಳಿಸಲು ಹತ್ತು ಲೀಟರ್ ಬಕೆಟ್‌ಗೆ ಸಿಟ್ರಿಕ್ ಆಮ್ಲ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋದೆ. ಒಂದು ಚಿಟಿಕೆ, 7.9. ಇನ್ನೊಂದು, 7.7. ಪೆನ್ ಕೆಟ್ಟಿದೆಯೇನೋ ಅಂದುಕೊಳ್ಳುವಷ್ಟು ನಿಧಾನ. ಅದು ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಲವಣದ ಹಟ. ಅದು ಹಾಕಿದ ಆಮ್ಲವನ್ನೆಲ್ಲ ನುಂಗುತ್ತದೆ, ಮುಗಿಯುತ್ತಾ ಬಂದಂತೆ ಪಿಎಚ್ ಸರ್ರನೆ ಇಳಿಯುತ್ತದೆ. ನಾನು ಗಮನಿಸುವಷ್ಟರಲ್ಲಿ 4.6 ಆಗಿತ್ತು! ಫಿಲ್ಟರ್‌ನಲ್ಲಿ ಲವಣ ತೆಗೆದ ಆರ್‌ಓ ನೀರಿನಲ್ಲಿ ಈ ತಡೆಯೇ ಇಲ್ಲ, ಒಂದೇ ಚಿಟಿಕೆಗೆ ಪಾತಾಳ ಸೇರುತ್ತದೆ. ಹೀಗಾಗಿ 'ಲೀಟರಿಗೆ ಇಷ್ಟು ಗ್ರಾಂ' ಅಂತ ಯಾರು ಹೇಳಿದರೂ ಅದು ಅವರ ಮನೆಯ ನೀರಿನ ಲೆಕ್ಕ.

ಸಿಟ್ರಿಕ್ ಆಮ್ಲದ ಇನ್ನೊಂದು ತಕರಾರು: ಸೂಕ್ಷ್ಮಜೀವಿಗಳು ಅದನ್ನು ತಿಂದುಹಾಕುತ್ತವೆ. ಎರಡು ದಿನ ಇಟ್ಟ ಬಕೆಟ್ ಅಳೆದರೆ ಪಿಎಚ್ ಮತ್ತೆ ಮೇಲೇರಿತ್ತು. ಈಗ ಫಾಸ್ಫಾರಿಕ್ ಆಮ್ಲವನ್ನು ಡ್ರಾಪರ್‌ನಲ್ಲಿ ಬಳಸುತ್ತೇನೆ, ಕೈಗವಸು ಹಾಕಿಕೊಂಡು, ನೀರಿಗೆ ಆಮ್ಲ ಬೆರೆಸುತ್ತೇನೆಯೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಮೊದಲು ಗೊಬ್ಬರ ಕರಗಿಸಿ ಆಮೇಲೆ ಅಳೆಯಬೇಕು, ಯಾಕೆಂದರೆ ಗೊಬ್ಬರವೂ ಪಿಎಚ್ ಅನ್ನು ಅಲುಗಾಡಿಸುತ್ತದೆ. ಇದನ್ನು ತಿರುವುಮುರುವು ಮಾಡಿ ಒಂದು ವಾರ ಒದ್ದಾಡಿದ್ದೇನೆ.

ಊಟದ ವಿಷಯಕ್ಕೆ ಬಂದರೆ, ಮೊಳಕೆಯಲ್ಲಿ ಮೊದಲು ಬಿಚ್ಚುವ ಬೀಜದೆಲೆ ಮಾತ್ರ ಇರುವಾಗ ನಾನು ಏನೂ ಕೊಡುವುದಿಲ್ಲ, ಬುತ್ತಿ ಅದರಲ್ಲೇ ಇದೆ. ನಿಜವಾದ ಎಲೆಗಳು ಎರಡು ಬಿಚ್ಚಿಕೊಂಡ ಮೇಲೆ, ಪೊಟ್ಟಣದಲ್ಲಿ ಲೀಟರಿಗೆ 2 ಗ್ರಾಂ ಅಂತಿದ್ದರೆ ಅರ್ಧ ಗ್ರಾಂ. ಒಂದು ಸಲ ಗೊಬ್ಬರದ ನೀರು, ಮುಂದಿನ ಸಲ ಪಿಎಚ್ ಸರಿಮಾಡಿದ ಬರೀ ನೀರು. ನಾಲ್ಕೈದು ಎಲೆ ಬಂದ ಮೇಲೆ ಪೊಟ್ಟಣದಲ್ಲಿ ಹೇಳಿದ್ದರ ಅರ್ಧಕ್ಕೆ ಏರಿಸುತ್ತೇನೆ. ಕೋಕೋಪೀಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಬಿಟ್ಟುಕೊಡುವ ಜಾತಿ, ಅದಕ್ಕೇ ಬಿತ್ತುವ ಮೊದಲು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ ತೊಳೆಯುತ್ತೇನೆ.

ನೀರು ಹಾಕಲು ಗಡಿಯಾರ ನೋಡುವುದಿಲ್ಲ, ಟ್ರೇ ಎತ್ತಿ ನೋಡುತ್ತೇನೆ. ಹಗುರಾದರೆ ಕೆಳಗಿನ ತಟ್ಟೆಗೆ ಸುರಿದು, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲುತ್ತೇನೆ. ಮೊದಲ ವರ್ಷ ಪ್ರೀತಿ ಹೆಚ್ಚಾಗಿ ದಿನಾ ನೀರು ಹಾಕಿ ಅರ್ಧ ಟ್ರೇ ಕಳೆದುಕೊಂಡೆ. ಬುಡದಲ್ಲಿ ಕಾಂಡ ದಾರದ ಹಾಗೆ ಸೊರಗಿ ಸಸಿಗಳು ರಾತ್ರೋರಾತ್ರಿ ಮಲಗಿಬಿಟ್ಟಿದ್ದವು. ಬುಡ ಕೊಳೆಯುವ ಆ ರೋಗ ಹಿಡಿದ ಸಸಿ ಏಳುವುದಿಲ್ಲ, ಕಿತ್ತೆಸೆಯಬೇಕು.

ಹಳದಿ ಸಸಿಗಳಿಗೆ ಬಂದರೆ, ಮೊದಲು ಪಿಎಚ್ 6ರ ಬರೀ ನೀರನ್ನು ತಳದಿಂದ ಧಾರಾಳ ಇಳಿಯುವಷ್ಟು ಹಾಕಿ ಉಪ್ಪು ತೊಳೆದೆ. ನಾಲ್ಕು ದಿನ ಏನೂ ಇಲ್ಲ. ಕೈ ಗೊಬ್ಬರದ ಡಬ್ಬದ ಕಡೆ ಹೋಗುತ್ತಲೇ ಇತ್ತು, ತಡೆದುಕೊಂಡೆ. ಆರನೇ ದಿನ ಬೆಳಗ್ಗೆ ನಡುವಿನ ಕುಡಿಯಿಂದ ಸಾಸಿವೆಯಷ್ಟು ಎಲೆಯೊಂದು ಇಣುಕುತ್ತಿತ್ತು, ಕಡು ಹಸಿರು. ಸುಟ್ಟ ತುದಿಯ ಎಲೆಗಳು ಮಾತ್ರ ಉದುರುವವರೆಗೂ ಹಾಗೇ ಇದ್ದವು.